ಜಾಲ್ಸೂರಿನಲ್ಲಿ ಇಳಿದ ನಾಲ್ಕನೆಯವನು

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಒಂದು ಪುಟ ತುಂಬುವುದೂ ಕಷ್ಟ. ಎಪ್ಪತ್ತರ ದಶಕದ ಕೊನೆಗೆ ಕಡಬದ ಹತ್ತಿರ ಹುಟ್ಟಿತು, ಕೆಲವು ವರ್ಷ ಬದುಕಿತು, ಒಂದು ಕಪ್ ಗೆದ್ದಿತು. ಆ ಕಪ್ಪಿನ ಬಗ್ಗೆ ಊರಿನವರು ಈಗಲೂ ಹೆಮ್ಮೆಪಡುತ್ತಾರೆ. ಅದನ್ನು ಕೇಳುವಾಗ ನನ್ನ ಬಾಯಿ ಕಹಿಯಾಗುತ್ತದೆ.

ಕ್ಲಬ್ ಕಟ್ಟಿದವರು ಒಬ್ಬ ಜೀಪ್ ಡ್ರೈವರ್. ನಮಗೆಲ್ಲ ಅವರು ಅಣ್ಣ. ಮದುವೆಗೆ ಮೊದಲು ಗೋವಾದಲ್ಲಿ ಲಾರಿ ಓಡಿಸುತ್ತಿದ್ದಾಗ, ಪೋರ್ಚುಗೀಸರ ಕಾಲದಿಂದ ಉಳಿದುಬಂದ ಯಾವುದೋ ಸಣ್ಣ ಕ್ಲಬ್ಬಿಗೆ ಆಡಿದ್ದರಂತೆ. ಅಲ್ಲಿ ಬೇಕರಿಯವನು ಗೋಲಿಗೆ ನಿಲ್ಲುತ್ತಿದ್ದ, ಚರ್ಚಿನ ಗಂಟೆ ಬಾರಿಸುವವನು ಮುಂದೆ ಆಡುತ್ತಿದ್ದ, ಸೋತ ದಿನವೂ ಬ್ಯಾಂಡ್ ಸಮೇತ ಊರು ಸುತ್ತುತ್ತಿದ್ದರು. "ಹೊರಗಿನ ಒಬ್ಬನನ್ನೂ ಸೇರಿಸ್ತಿರ್ಲಿಲ್ಲ ಮಾರಾಯ" ಎನ್ನುತ್ತಿದ್ದರು. ಇದರಲ್ಲಿ ಎಷ್ಟು ನಿಜವೋ ತಿಳಿಯದು. ಅವರು ಹೇಳುವಾಗ ಬೇಕರಿಯವನು ಕೆಲವು ಸಲ ದರ್ಜಿಯೂ ಆಗುತ್ತಿದ್ದ.

ಗುಡ್ಡದ ಮೇಲಿನ ಸರಕಾರಿ ಜಾಗದಲ್ಲಿ ಮುಳಿಹುಲ್ಲು ಕೆತ್ತಿ ಮೈದಾನ ಮಾಡಿದ್ದು ಅಣ್ಣನೇ. ಆಡುವವರು ಹೆಚ್ಚಿನವರೂ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗಿನ ಹುಡುಗರು. ನಾನು ಪುತ್ತೂರಿನ ಕಾಲೇಜಿನಿಂದ ಶನಿವಾರ ಬಂದು ಹೊರಗೆ ಕೂರುತ್ತಿದ್ದವನು. ಯಾರಿಗಾದರೂ ಕಾಲು ಉಳುಕಿದರೆ ಒಳಗೆ.

ಒಂದು ವರ್ಷ ನಾವೇ ನಡೆಸಿದ ಸೆವೆನ್ಸ್‌ನಲ್ಲಿ, ಅಂದರೆ ಏಳೇಳು ಜನರ ಪಂದ್ಯಾಟದಲ್ಲಿ, ನಮ್ಮ ತಂಡ ಫೈನಲಿಗೆ ಬಂತು. ತಾನು ಕೆತ್ತಿದ ನೆಲದಲ್ಲಿ ಒಂದು ಫೈನಲ್ ಆಡಬೇಕೆನ್ನುವುದು ಅಣ್ಣನ ಆಸೆ. ವಯಸ್ಸಾಗುತ್ತಿತ್ತು, ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ಹೆಂಡತಿ ಮಕ್ಕಳಿಗೆ ಮುಂದಿನ ಸಾಲಿನಲ್ಲಿ ಬೆಂಚು ಹಾಕಿಸಿದ್ದರು.

ಕ್ಲಬ್ಬಿನ ಅಧ್ಯಕ್ಷರು ರಬ್ಬರ್ ಶೀಟ್ ಖರೀದಿಸುವ ಧಣಿ. "ಎದುರಿನ ತಂಡದವರು ಗೆಸ್ಟ್ ಆಟಗಾರರನ್ನು ತರ್ತಾರಂತೆ. ನಾವು ತರದಿದ್ರೆ ಮರ್ಯಾದೆ ಉಂಟಾ?" ಎಂದರು. ಕಾಸರಗೋಡು ಕಡೆಯಿಂದ ಮೂವರಿಗೆ ಹೇಳಿ ಕಳುಹಿಸಿದರು. ಅಣ್ಣನ ಮುಖ ಸಣ್ಣದಾಯಿತು. ಆದರೂ ನಾಲ್ಕು ಜಾಗ ನಮ್ಮವರಿಗೆ ಉಳಿಯುತ್ತಿತ್ತು, ಅದರಲ್ಲಿ ಒಂದು ಅವರದು. ಜೀಪೂ ಅವರದೇ ಆದ್ದರಿಂದ ಅತಿಥಿಗಳನ್ನು ತರುವ ಕೆಲಸವೂ ಅವರಿಗೇ ಬಂತು.

ನಾನೂ ಜೊತೆಗೆ ಹೋದೆ. ಜಾಲ್ಸೂರಿನಲ್ಲಿ ಬಸ್ಸಿನಿಂದ ಇಳಿದವರು ನಾಲ್ವರು.

"ಇವನು ಸುಮ್ಮನೆ ಆಟ ನೋಡ್ಲಿಕ್ಕೆ ಬಂದದ್ದು. ಜಾಗ ಉಂಟಾ ಏಟ್ಟಾ?" ಎಂದ ಒಬ್ಬ, ಮಲಯಾಳದ ಎಳೆತದಲ್ಲಿ.

"ಜೀಪಿನಲ್ಲಿ ಜಾಗ ಇಲ್ಲ ಅಂತ ಉಂಟಾ? ಹದಿನೈದು ಜನರನ್ನು ಹಾಕ್ತೇನೆ ನಾನು" ಎಂದು ಅಣ್ಣ ನಕ್ಕರು. ನನ್ನನ್ನು ಹಿಂದಿನ ಸೀಟಿಗೆ ಕಳುಹಿಸಿ ನಾಲ್ಕನೆಯವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ದಾರಿಯುದ್ದಕ್ಕೂ ಅವನಿಗೆ ಗೋವಾದ ಕತೆ.

ಮೈದಾನದಲ್ಲಿ ಧಣಿ ಅವನ ಮೀನಖಂಡ ನೋಡಿದರು. "ನೀನೆಂತ ಆಡುದು?"

"ಬ್ಯಾಕ್."

ಅಣ್ಣ ಆಡುವುದೂ ಅಲ್ಲೇ, ಹಿಂದೆ ತಡೆಯುವ ಜಾಗದಲ್ಲಿ. ಧಣಿ ತಿರುಗಿ, "ನೀನು ದಿನಾ ಆಡ್ತಿ ಅಲ್ವ ಮಾರಾಯ. ಇವತ್ತು ಇವ ಆಡ್ಲಿ. ಆ ಬನಿಯನ್ ಕೊಡು" ಎಂದರು. ಕ್ಲಬ್ಬಿನ ಆಟಕ್ಕೆಂದು ಹೊಲಿಸಿದ್ದೇ ಏಳು ಬನಿಯನ್.

ಯಾರೂ ಬೇಡವೆನ್ನಲಿಲ್ಲ. ಟ್ಯಾಪಿಂಗಿನ ಹುಡುಗರಲ್ಲೊಬ್ಬ, ನಮ್ಮ ಗೋಲ್‌ಕೀಪರ್, ಮಾತು ಹಗುರ ಮಾಡಲೆಂದೋ ಏನೋ, "ಅಣ್ಣನ ಹೊಟ್ಟೆಗೆ ಅದು ಬಿಗಿಯೇ ಆಗ್ತಿತ್ತು" ಎಂದ. ಎಲ್ಲರೂ ನಕ್ಕರು. ಅಣ್ಣ ಹೆಂಡತಿ ಮಕ್ಕಳ ಬೆಂಚಿನ ಮುಂದೆಯೇ ಬನಿಯನ್ ಕಳಚಿ ಬರಿಮೈಯಲ್ಲಿ ನಿಂತದ್ದು ನನಗೆ ಕಾಣುತ್ತದೆ. ಕಂಡದ್ದೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ? ಆ ದಿನದ ಡೈರಿಯಲ್ಲಿ "ಗೆದ್ದೆವು" ಎಂದು ಮಾತ್ರ ಬರೆದಿದ್ದೇನೆ. ಕಾಲೇಜು ಕಲಿತವನಿಗೆ ಅಷ್ಟೇ ಕಂಡಿತ್ತು ಎನ್ನುವುದನ್ನೂ ನಂಬಲಾರೆ.

ಆಟ ಮುಗಿದಾಗ ಅತಿಥಿಗಳಿಗೆ ಕೊನೆಯ ಬಸ್ಸು ಹಿಡಿಯುವ ಅವಸರ. ಅಣ್ಣ ಜೀಪ್ ತಿರುಗಿಸಲು ಹೋದರು, ಅಷ್ಟರಲ್ಲಿ ಫೋಟೋ ತೆಗೆದಾಯಿತು. ಕ್ಲಬ್ಬಿನ ಆ ಒಂದೇ ಫೋಟೋದಲ್ಲಿ ನಾಲ್ಕು ಜನ ಯಾರೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಅಣ್ಣ ಇಲ್ಲ.

ಮರುವರ್ಷ ಧಣಿ ಮತ್ತೆ ಗೆಸ್ಟ್ ತರಲು ಹೇಳಿದರು. ಅಣ್ಣ ಒಪ್ಪಿದರು. ಆಟದ ದಿನ ಜೀಪಿನಿಂದ ಏಳು ಜನರನ್ನು ಇಳಿಸಿದರು.

"ಇಷ್ಟು ಜನ ಎಂತಕ್ಕೆ?" ಎಂದೆ.

"ಕಪ್ ಬೇಕಲ್ಲ ಧಣಿಗೆ. ಮತ್ತೆ ನಮ್ಮವರು ಎಂತಕ್ಕೆ?"

ಧಣಿಗೆ ಚುಚ್ಚುತ್ತದೆಂದು ಅಂದುಕೊಂಡಿದ್ದರೋ ಏನೋ. ಧಣಿ ಮಾತ್ರ ಖುಷಿಯಾಗಿ, "ಭಾರಿ ಒಳ್ಳೇದಾಯ್ತು" ಎಂದು ಅಣ್ಣನ ಬೆನ್ನು ತಟ್ಟಿದರು. ನಮ್ಮ ಹುಡುಗರು ಬನಿಯನ್ ಕಳಚಿ ಬಂದವರ ಕೈಗೆ ಕೊಟ್ಟರು. ಗೋಲ್‌ಕೀಪರ್ ಹುಡುಗ ಜೀಪಿನ ಹತ್ತಿರ ಬಂದ.

"ನಾವೆಂತ ಮಾಡಿದ್ದು ಅಣ್ಣ ನಿಮಗೆ?"

"ಎಂತ ಸಹ ಮಾಡ್ಲಿಲ್ಲ" ಎಂದರು ಅಣ್ಣ. "ಆ ದಿನವೂ ಎಂತ ಸಹ ಮಾಡ್ಲಿಲ್ಲ ನೀವು."

ಹುಡುಗ ಗುಡ್ಡ ಇಳಿದ. ಉಳಿದವರೂ ಹಿಂದೆಯೇ ಇಳಿದರು. ಕ್ಲಬ್ ಮುಗಿದದ್ದು ಅಲ್ಲಿಗೆ. ಮೈದಾನದಲ್ಲಿ ಅದರ ಹೆಸರಿನ ಆಟ ಆಗಲೇ ಶುರುವಾಗಿತ್ತು.