ಮೇಷ್ಟ್ರು ಅಚ್ಚು ತೆಗೆದ ಕಲ್ಲು

ತೊಂಬತ್ತರ ದಶಕದಲ್ಲಿ ಚಾಮರಾಜನಗರದ ಸ್ಕೂಲಿನಲ್ಲಿ ನಾನು ಸೈನ್ಸ್ ಮೇಷ್ಟ್ರು. ನನ್ನ ಲ್ಯಾಬಿನ ಭೂತಗನ್ನಡಿ, ಬ್ರಷ್ಷು, ದಿಕ್ಸೂಚಿ ಯಾವಾಗಲೂ ಚರಿತ್ರೆ ಮೇಷ್ಟ್ರ ಚೀಲದಲ್ಲೇ ಇರುತ್ತಿದ್ದವು. ವಾಪಸ್ ಕೇಳಿದರೆ ಕನ್ನಡಕ ಹಣೆಗೇರಿಸಿ, "ನಿಮ್ದು ಅನ್ನೋಕೆ ಆಧಾರ ಅದಾ ಸಾರ್?" ಅನ್ನುವರು.

ಒಮ್ಮೆ ಹರದನಹಳ್ಳಿ ರಸ್ತೆಬದಿಯಲ್ಲಿ ಅರ್ಧ ಹೂತ ಕಲ್ಲೊಂದು ಅವರಿಗೆ ಸಿಕ್ಕಿತು. ಅಕ್ಷರ ಸವೆದಿತ್ತು. ಗಂಗರ ಕಾಲದ ಶಾಸನವೆಂದು ಸ್ಟಾಫ್ ರೂಮಿನಲ್ಲಿ ಸಾರಿ, ನನ್ನನ್ನೂ ಎಳೆದುಕೊಂಡು ಹೋದರು. ಕಲ್ಲಿಗೆ ಬಿಂದಿಗೆ ನೀರು ಸುರಿದು ತೊಳೆದರು, ಒದ್ದೆ ಕಾಗದ ಹೊದಿಸಿ ತಟ್ಟಿದರು, ಮಸಿ ಒತ್ತಿ ಅಚ್ಚು ತೆಗೆದರು. ಕಾಗದದಲ್ಲಿ ಮಸಿಯಷ್ಟೇ ಉಳಿಯಿತು.

ಮುಂದಿನ ವಾರ ಕ್ಯಾಮೆರಾ ಹಿಡಿದು ಹೋದರೆ ಕಲ್ಲಿಗೆ ಹೂವು, ಊದುಬತ್ತಿ, ಮೈತುಂಬ ವಿಭೂತಿ! ಮೇಷ್ಟ್ರು ಮಾಡಿದ್ದನ್ನು ಊರವರು ಅಭಿಷೇಕ ಅಂದುಕೊಂಡಿದ್ದರು. ಭೂತಗನ್ನಡಿಗೂ ಕಾಣದ ಅಕ್ಷರಗಳೊಳಗೆ ವಿಭೂತಿ ತುಂಬಿ, ಈಗ ಬೆಳ್ಳಗೆ ಎದ್ದು ಕಾಣುತ್ತಿತ್ತು: ಗುಂಡ್ಲುಪೇಟೆಗೆ ಇಷ್ಟು ಮೈಲಿ. ಅದು ಹಳೇ ಮೈಲಿಗಲ್ಲು.

ನಾನು ನಗು ತಡೆಯಲು ಕೆಮ್ಮಿದೆ. ಅಷ್ಟರಲ್ಲಿ ಆರತಿ ತಟ್ಟೆ ಹಿಡಿದ ಅಜ್ಜಿಯೊಬ್ಬಳು, "ಮೊದ್ಲು ಪೂಜೆ ಮಾಡ್ದೋರು ನೀವೇ ಕಣಪ್ಪ. ಇದ್ಯಾವ್ ದ್ಯಾವ್ರು ಯೇಳಿ," ಅಂದಳು.

ಮೇಷ್ಟ್ರು ಕಲ್ಲನ್ನು ಇನ್ನೊಮ್ಮೆ ಓದಿಕೊಂಡರು. ಚಪ್ಪಲಿ ಬಿಟ್ಟು ಕೈಮುಗಿದರು.

"ಗುಂಡ್ಲುಪೇಟೆ ಕಡೆಯೋನು ಕಣವ್ವ. ಆಧಾರ ಅದೆ."