ಕುಕ್ಕರ್ ಹೊತ್ತು ಬ್ಯಾಡಗಿಗೆ ಹೋಗಿಬಂದದ್ದು

ಹಾವೇರಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದಾಗ ಬೆಳಿಗ್ಗೆ ಎಂಟೂ ಇಪ್ಪತ್ತು. ಹೆಗಲಲ್ಲಿ ಮಗಳ ಲಗ್ನಪತ್ರಿಕೆಗಳ ಚೀಲ, ತೊಡೆಯ ಮೇಲೆ ಟವೆಲ್ ಸುತ್ತಿ ಇನ್ನೊಂದು ಚೀಲಕ್ಕೆ ಇಳಿಸಿದ ಮೂರು ಲೀಟರಿನ ಕುಕ್ಕರ್. ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ ಕೈಗಿಟ್ಟು, ನಾನು ಚೀಲ ತಬ್ಬಿಕೊಂಡ ರೀತಿ ನೋಡಿ, "ಕೂಸೇನ್ರಿ ಅಕ್ಕಾರ? ಭಾಳ ಜ್ವಾಪಾನ ಹಿಡದೀರಿ" ಎಂದ. "ಕುಕ್ಕರ್" ಎಂದೆ. ಹಿಂದಿನ ಸೀಟಿನವರು ನಕ್ಕರು, ನಾನೂ ನಕ್ಕೆ. ಆಗ ನನಗೆ ನಾಚಿಕೆಯೇನೂ ಆಗಲಿಲ್ಲ. ಅದು ಆದದ್ದು ಮಧ್ಯಾಹ್ನ, ಬ್ಯಾಡಗಿಯಲ್ಲಿ.

ಈ ಕುಕ್ಕರಿನ ಬಗ್ಗೆ ನನಗೆ ಸ್ವಲ್ಪ ಜಂಭವೇ ಇತ್ತು ಅನ್ನಿ. ಪಂಢರಪುರ, ತಿರುಪತಿ, ಕೊಲ್ಹಾಪುರ ಎಲ್ಲ ಇದು ನನ್ನ ಜೊತೆ ಸುತ್ತಿದೆ. ತಳಕ್ಕೆ ಎರಡು ಲೋಟ ನೀರು, ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ ಅಕ್ಕಿ, ನಡುವೆ ಒಂದು ಬಟಾಟಿ. ನಾಲ್ಕು ಸೀಟಿ ಕೂಗಿದರೆ ಇಬ್ಬರ ಊಟ ಆಯಿತು. ಲಾಡ್ಜುಗಳಲ್ಲಿ ಅಡುಗೆ ಮಾಡಬಾರದೆಂದು ಗೋಡೆಗೆ ಬರೆದಿರುತ್ತಾರಲ್ಲ, ಅಲ್ಲಿ ಸಣ್ಣ ಕರೆಂಟ್ ಒಲೆ ಹಚ್ಚಿ, ಸೀಟಿ ಕೂಗುವ ಹೊತ್ತಿಗೆ ಟಿವಿಯ ದನಿ ಏರಿಸುತ್ತಿದ್ದೆ. ಯಾರಾದರೂ ಕೇಳಿದರೆ, ಹೊರಗಿನದು ನನ್ನ ಹೊಟ್ಟೆಗೆ ಒಗ್ಗುವುದಿಲ್ಲ ಎನ್ನುತ್ತಿದ್ದೆ. ಎಷ್ಟು ವರ್ಷ ಹೇಳಿದೆನೆಂದರೆ ನಾನೇ ಅದನ್ನು ನಂಬಿದ್ದೆ.

ರಾಣೆಬೆನ್ನೂರು ಮೂವತ್ತಮೂರು ಕಿಲೋಮೀಟರ್, ಮುಕ್ಕಾಲು ತಾಸಿನ ದಾರಿ. ಮಾರ್ಚಿ ತಿಂಗಳ ಬಿಸಿಲು ಒಂಬತ್ತಕ್ಕೇ ಕಿಟಕಿಯ ಸರಳು ಕಾಯಿಸಿತ್ತು. ಅಲ್ಲಿ ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಬಾಗಿಲಲ್ಲೇ ಕಾದು ನಿಂತಿದ್ದಳು. ಪತ್ರಿಕೆಗೆ ಅರಿಷಿಣ ಕುಂಕುಮ ಹಚ್ಚಿ ಕೊಟ್ಟು ಮುಗಿಸುವುದರೊಳಗೆ ತಾಟು ಇಟ್ಟೇಬಿಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಣ್ಣಲ್ಲಿ ನೀರು ಬರಿಸುವ ಕೆಂಪು ಮೆಣಸಿನಕಾಯಿ ಚಟ್ನಿ. ಎರಡು ರೊಟ್ಟಿ ಉಂಡು, ಚಟ್ನಿಯನ್ನು ಮತ್ತೆ ಹಾಕಿಸಿಕೊಂಡೆ.

"ಇಲ್ಲೆ ಉಂಡಿ, ಮತ್ತ ಆ ಕುಕ್ಕರ್ ಯಾಕ ಹೊತ್ಕೊಂಡು ತಿರಗಲಿಕತ್ತೀ?" ಎಂದು ಕೇಳಿದಳು.

"ಬ್ಯಾಡಗಿಗೆ ಹೋಗೂದದ, ಫಕ್ಕೀರವ್ವನ ಮನಿಗೆ. ನಮ್ಮ ಸಾಲ್ಯಾಗ ಬಿಸಿಯೂಟ ಮಾಡ್ತಿದ್ಲಲ್ಲ, ಅಕಿ."

ಕಾಕು ಒಂದು ಕ್ಷಣ ನನ್ನ ಮುಖ ನೋಡಿದಳು. "ಹಂಗಾರ ಚೊಲೋ ಮಾಡಿದಿ" ಎಂದಳು. ಯಾಕೆ ಚೊಲೋ ಎಂಬುದು ಇಬ್ಬರಿಗೂ ಗೊತ್ತಿತ್ತು.

ಓದುವವರಿಗೆ ಬಿಡಿಸಿಯೇ ಹೇಳಬೇಕು. ಹಾವೇರಿ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ನಾನೂ ಫಕ್ಕೀರವ್ವನೂ ಹದಿನಾರು ವರ್ಷ ಒಟ್ಟಿಗೆ ಇದ್ದೆವು. ನಾನು ಶಿಕ್ಷಕಿ, ಅವಳು ಮುಖ್ಯ ಅಡುಗೆಯವಳು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕೆಂಬ ನಿಯಮ. ಆ ಕೆಲಸ ನನ್ನದು. "ರುಚಿ ಚೆನ್ನಾಗಿದೆ, ಉಪ್ಪು ಹದವಾಗಿದೆ" ಎಂದು ದಿನವೂ ಬರೆದೆ. ಒಂದು ದಿನವೂ ಒಂದು ಅಗುಳನ್ನೂ ಬಾಯಿಗೆ ಹಾಕಲಿಲ್ಲ. ಅವಳು ಸೌಟಿನಲ್ಲಿ ತಂದರೆ, ಡೆಸ್ಕಿನ ಮೇಲಿಡು ಎನ್ನುತ್ತಿದ್ದೆ. ಅವಳು ಅತ್ತ ಹೋದ ಮೇಲೆ ಹಿತ್ತಲಿನ ಕಾಗೆಗಳಿಗೆ ಚೆಲ್ಲುತ್ತಿದ್ದೆ. ಕಾರಣ ಹೊಟ್ಟೆಯಲ್ಲ, ಜಾತಿ. ಇದನ್ನು ಬರೆಯುವಾಗ ಮೈ ಮುದುಡುತ್ತದೆ. ಅದೇ ಶಾಲೆಯಲ್ಲಿ ಓದುತ್ತಿದ್ದ ನನ್ನ ಮಗಳು ಮಾತ್ರ ಮಕ್ಕಳ ಸಾಲಿನಲ್ಲಿ ಕೂತು ಫಕ್ಕೀರವ್ವನ ಕೈಯ ಸಾರು ಸುರಿದುಕೊಂಡು ಉಣ್ಣುತ್ತಿದ್ದಳು. "ನನ್ನ ಲಗ್ನದಾಗ ಫಕ್ಕೀರವ್ವ ಉಂಡು ಹೋಗಬೇಕು. ಫೋನ್ ಮಾಡಿ ಕೈತೊಳಕೋಬ್ಯಾಡ, ಹೋಗಿ ಕರದು ಬಾ" ಎಂದು ಅವಳೇ ಹಟ ಹಿಡಿದಿದ್ದರಿಂದ ಈ ಪ್ರಯಾಣ.

ಹಿಂದಿನ ಸಂಜೆ ಫಕ್ಕೀರವ್ವನಿಗೆ ಫೋನ್ ಮಾಡಿ, "ಬರ್ತೇನಿ, ಆದ್ರ ಅಡಿಗಿ ಮಾಡಬ್ಯಾಡ. ಡಾಕ್ಟರ್ ಪಥ್ಯ ಹೇಳ್ಯಾರ, ಖಾರ ಮುಟ್ಟೂ ಹಂಗಿಲ್ಲ. ನಂದು ನಾನ ಕುಕ್ಕರಿನಾಗ ತರ್ತೇನಿ" ಎಂದಿದ್ದೆ. ಮುಂಜಾನೆ ಎದ್ದು, ದಿನದ ಅಭ್ಯಾಸದಂತೆ ಬದನೆಕಾಯಿ ಹಾಕಿ, ಕೈತುಂಬ ಕೆಂಪು ಖಾರದ ಪುಡಿ ಸುರಿದು ಮಸಾಲಿ ಅನ್ನ ಮಾಡಿ ಮುಚ್ಚಳ ಬಿಗಿದೆ. ಹೇಳಿದ ಸುಳ್ಳು ರಾತ್ರಿ ಕಳೆಯುವುದರಲ್ಲಿ ಮರೆತೇ ಹೋಗಿತ್ತು. ಅದು ನೆನಪಾದದ್ದು, ರಾಣೆಬೆನ್ನೂರಿನ ಉಳಿದ ಮನೆಗಳಿಗೂ ಪತ್ರಿಕೆ ಕೊಟ್ಟು ನಾನು ಹತ್ತಿದ ಬಸ್ಸು ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿದಾಗ. ಕಿಟಕಿಯಿಂದ ಮೆಣಸಿನಕಾಯಿಯ ಘಾಟು ಬಂದು ಬಸ್ಸಿಗೆ ಬಸ್ಸೇ ಸೀನತೊಡಗಿತು. ನಾನೂ ಸೀನಿದೆ, ಚೀಲವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡೆ. ಇರಲಿ, ಮುಚ್ಚಳ ನಾನೇ ತೆಗೆದರಾಯಿತು, ಒಂದು ಮೂಲೆಯಲ್ಲಿ ಕೂತು ಉಂಡರಾಯಿತು ಎಂದು ಧೈರ್ಯ ತಂದುಕೊಂಡೆ.

ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದೆ. ಸೀಸನ್ ಇನ್ನೂ ಮುಗಿದಿರಲಿಲ್ಲ. ದಾರಿಯುದ್ದಕ್ಕೂ ಮೆಣಸಿನಕಾಯಿ ಚೀಲ ತುಂಬಿದ ಗಾಡಿಗಳು, ನೆರಳಿದ್ದಲ್ಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ತೊಟ್ಟು ಬಿಡಿಸುತ್ತ ಕೂತ ಹೆಂಗಸರು. ಶಾಲೆಯ ಕೆಲಸ ಬಿಟ್ಟ ಮೇಲೆ ಫಕ್ಕೀರವ್ವ ಇದ್ದದ್ದು ಇಲ್ಲೇ ಮಗಳ ಮನೆಯಲ್ಲಿ. ಆ ಮಗಳಿಗೂ ಅದೇ ಕೆಲಸ, ಆ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಎರಡು ಗಂಟೆಯಾಗಿತ್ತು. ಫಕ್ಕೀರವ್ವ ಉಣ್ಣದೆ ಕಾದಿದ್ದಳು.

"ಬರ್ರಿ ಅಕ್ಕೋರ, ಬರ್ರಿ. ಬಿಸಲಾಗ ಬಂದೀರಿ, ಕುಂದ್ರಿ." ಚಾಪೆ ಹಾಸಿದಳು. ಮುಂದೆ ತಂದಿಟ್ಟದ್ದು ತನ್ನ ಮನೆಯ ತಾಟಲ್ಲ, ಅಂಗಡಿಯಿಂದ ತಂದ ಎಲೆಯ ಪತ್ರಾವಳಿ. ಲೋಟವೂ ಇಲ್ಲ, ಸೀಲು ಒಡೆಯದ ನೀರಿನ ಬಾಟಲಿ. ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

"ನೀವು ಬ್ಯಾಡ ಅಂದ್ರೂ ನಾನು ಮಾಡೇನ್ರಿ, ಬೈಬ್ಯಾಡ್ರಿ. ಒಂದ ಒಂದು ಮೆಣಸಿನಕಾಯಿ ಹಾಕಿಲ್ಲ. ಹೆಸರಬ್ಯಾಳಿ, ಅನ್ನ, ಸೋರೆಕಾಯಿ. ನೀವು ಕುಕ್ಕರಿನಾಗಿಂದ ಅಷ್ಟ ಉಣ್ತೀರಲ್ರಿ, ಅದಕ್ಕ ಮಗಳ ಹೊಸಾ ಕುಕ್ಕರಿನಾಗ ಇಟ್ಟೆ. ಅದರಾಗ ಯಾರೂ ಏನೂ ಮಾಡಿಲ್ಲರಿ ಇನ್ನ." ಕಟ್ಟೆಯ ಮೇಲೆ ಸ್ಟಿಕ್ಕರ್ ಕೀಳದ ಕುಕ್ಕರ್ ಹೊಳೆಯುತ್ತಿತ್ತು.

ಆಗಲಾದರೂ ಬಡಿಸು ಎನ್ನಬಹುದಿತ್ತು. ಅನ್ನಲಿಲ್ಲ. "ಬ್ಯಾಡವ್ವ, ತಂದದ್ದು ಕೆಡ್ತದ. ಅದನ್ನ ಉಣ್ತೇನಿ" ಎಂದೆ.

"ಹಂಗಾರ ತರ್ರಿ, ಬಿಸಿ ಮಾಡ್ತೇನಿ. ಆರಿದ್ದು ಪಥ್ಯಕ್ಕ ಚಲೋ ಅಲ್ಲ." ನಾನು ಬೇಡ ಬೇಡ ಎನ್ನುತ್ತ ಏಳುವುದರೊಳಗೆ ಚೀಲದಿಂದ ಕುಕ್ಕರ್ ಎತ್ತಿ, ಹಿಡಿ ತಿರುವಿ ಮುಚ್ಚಳ ತೆಗೆದಳು. ಇನ್ನೂರು ಮಕ್ಕಳಿಗೆ ಬೇಯಿಸಿದ ಕೈ, ತಡವೆಲ್ಲಿ. ಒಳಗೆ ಡಬ್ಬಿಗಳಲ್ಲಿ ಅನ್ನ ಕೆಂಪಗೆ ಕೂತಿತ್ತು. ವಾಸನೆ ಕೋಣೆ ತುಂಬಿತು.

ಅವಳು ನೋಡಿದಳು. ನಾನು ಚಾಪೆಯ ಅಂಚು ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಣ್ಣ ಚಲೋ ಬಂದೈತ್ರಿ ಅಕ್ಕೋರ" ಎಂದಳು, ಮೆಲ್ಲಗೆ. ಸ್ವಲ್ಪ ತಡೆದು, "ನಮ್ಮ ಬ್ಯಾಡಗಿ ಕಾಯಿ ಬಣ್ಣ ಅಷ್ಟ ಕೊಡತೈತಿ, ಖಾರ ಇರೂದಿಲ್ಲ. ಪಥ್ಯಕ್ಕೇನೂ ಆಗೂದಿಲ್ಲ ಬಿಡ್ರಿ" ಎಂದಳು.

ನನ್ನ ಸುಳ್ಳಿಗೆ ನನಗಿಂತ ಚೆಂದದ ನೆಪವನ್ನು ಅವಳೇ ಹುಡುಕಿ ಕೊಟ್ಟಳು. ಬೈದಿದ್ದರೆ ಬದುಕುತ್ತಿದ್ದೆ. ನನ್ನ ಅನ್ನವನ್ನು ಬಿಸಿ ಮಾಡಿ ಪತ್ರಾವಳಿಗೆ ಬಡಿಸಿದಳು. ತಾನು ಅಷ್ಟು ದೂರದಲ್ಲಿ ಕೂತು ಆ ಸಪ್ಪೆ ಹೆಸರುಬೇಳೆಯನ್ನು ಕಲಸಿಕೊಂಡಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯಿಲ್ಲದ ಊಟ, ನನ್ನ ಸಲುವಾಗಿ. ನನಗೆ ನಾಲ್ಕು ತುತ್ತೂ ಇಳಿಯಲಿಲ್ಲ.

ಉಂಡ ಮೇಲೆ ಪತ್ರಿಕೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನೀ ಲಗ್ನದ ದಿನ ಉಂಡ ಹೋಗಬೇಕು, ಹುಡುಗಿ ಹಟ ಹಿಡದಾಳ" ಎಂದೆ.

"ಬರ್ತೇನ್ರಿ. ನಮ್ಮ ಹುಡುಗಿಗೆ ಅಕ್ಕಿಕಾಳು ಹಾಕಾಕ ತಪ್ಪಸೂದಿಲ್ಲ. ಊಟಕ್ಕ ಮಾತ್ರ ಕರೀಬ್ಯಾಡ್ರಿ ಅಕ್ಕೋರ." ಪತ್ರಿಕೆಯನ್ನು ಮಡಚಿ ಕಟ್ಟೆಯ ಮೇಲಿನ ಅಕ್ಕಿ ಡಬ್ಬಿಯ ಕೆಳಗಿಟ್ಟು ಹೇಳಿದಳು, "ನನಗೂ ಪಥ್ಯ ಐತ್ರಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಗಳ ಫೋನ್ ಬಂದಿತೆಂದು ಅಂಗಳಕ್ಕೆ ಹೋದೆ. ಕರದಿಯೇನವ್ವ ಎಂದು ಕೇಳಿದವಳಿಗೆ, ಕರೆದೆ ಎಂದಷ್ಟೇ ಹೇಳಿ ಇಟ್ಟೆ. ಒಳಗೆ ಬರುವುದರಲ್ಲಿ ಫಕ್ಕೀರವ್ವ ಕುಕ್ಕರ್ ತೊಳೆದು, ಟವೆಲ್ ಸುತ್ತಿ ಚೀಲದಲ್ಲಿ ಇಟ್ಟಿದ್ದಳು. ಓಣಿಯ ತಿರುವಿನ ತನಕ ಬಂದು ಬೀಳ್ಕೊಟ್ಟಳು.

ನಾಲ್ಕು ಗಂಟೆಯ ಹಾವೇರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚೀಲ ತೊಡೆಗೆ ಎಳೆದುಕೊಂಡಾಗಲೇ ಅದರ ಭಾರ ಗಮನಕ್ಕೆ ಬಂತು. ತೊಳೆದ ಕುಕ್ಕರ್ ಇಷ್ಟು ಭಾರವಿರಲು ಹೇಗೆ ಸಾಧ್ಯ. ಮುಚ್ಚಳ ತೆಗೆದೆ. ಕೆಳಗಿನ ಡಬ್ಬಿಯಲ್ಲಿ ಸೋರೆಕಾಯಿ ಹಾಕಿದ ಹೆಸರುಬೇಳೆ, ಮೇಲಿನದರಲ್ಲಿ ಅನ್ನ, ಇನ್ನೂ ಬೆಚ್ಚಗಿತ್ತು. ನಮ್ಮ ಕಡೆ ಬಂದವರ ಪಾತ್ರೆಯನ್ನು ಬರಿದು ಕಳಿಸುವುದಿಲ್ಲ. ನಾನು ಉಣ್ಣುವುದಿಲ್ಲವೆಂದು ಗೊತ್ತಿದ್ದೂ ತುಂಬಿದ್ದಳು. ದಾರಿಯಲ್ಲಿ ಕಾಗೆಗಳಿಗೆ ಚೆಲ್ಲುತ್ತೇನೆಂದೂ ಅಂದುಕೊಂಡಿದ್ದಳೋ ಏನೋ.

ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಮುಚ್ಚಳ ಕೈಯಲ್ಲೇ ಇತ್ತು. ಆಮೇಲೆ ಬೇಳೆಯನ್ನು ಅನ್ನಕ್ಕೆ ಸುರಿದು, ಕೈಯಲ್ಲೇ ಕಲಸಿ, ಜನ ನೋಡುತ್ತಿದ್ದಂತೆ ಉಂಡೆ. ಸೋರೆಕಾಯಿ ಬೆಣ್ಣೆಯಂತೆ ಬೆಂದಿತ್ತು. ತಳ ಬಳಿಯುವವರೆಗೂ ಉಂಡು, ಎಡಗೈಯಲ್ಲಿ ಅವಳಿಗೆ ಫೋನ್ ಹಚ್ಚಿದೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಬಾಯಿಗೆ ಹದಿನಾರು ವರ್ಷ ಬರೆದ ಮಾತೇ ಬಂತು.

"ಉಪ್ಪು ಹದ ಐತಿ ಫಕ್ಕೀರವ್ವ."

ಆ ಕಡೆ ಮೆಣಸಿನಕಾಯಿ ಗಾಡಿಯೊಂದು ಹಾರ್ನ್ ಹಾಕಿಕೊಂಡು ಹೋದದ್ದು ಕೇಳಿಸಿತು.

"ಈ ಸಲ ಖರೇನ ನೋಡಿದ್ರೇನ್ರಿ ಅಕ್ಕೋರ?" ಎಂದಳು.