ಕತ್ತಲಕ್ಕ ತೆಗೆದ ಮುಖ

ಬೆರಳು ಜಾರುತ್ತದೆ. ತಡಕಾಡಿ ಫಿಲ್ಮಿನ ತುದಿಯನ್ನು ಮತ್ತೆ ಹಿಡಿಯುತ್ತಾರೆ ಕತ್ತಲಕ್ಕ. ಅದನ್ನು ರೀಲಿಗೆ ಸಿಕ್ಕಿಸಬೇಕು, ಉಗುರು ತಾಗಿಸದೆ ಸುತ್ತಬೇಕು, ಬೆಳಕು ನುಗ್ಗದ ಟ್ಯಾಂಕಿಗಿಳಿಸಿ ಮುಚ್ಚಳ ಬಿಗಿಯಬೇಕು. ಎಲ್ಲವೂ ತನ್ನ ಕೈ ತನಗೇ ಕಾಣದ ಕತ್ತಲಲ್ಲಿ. ಹೊರಗೆ ಬೆಳಕು ಹರಿಯುತ್ತಿದೆ. ಬಾಗಿಲ ಸಂದಿಗೆ ಕಂಬಳಿ ತುರುಕಿದ್ದರೂ ಅವರಿಗೆ ಧೈರ್ಯ ಸಾಲದು.

"ಬಾಗಿಲು ತೆಗೀಬೇಡಿ!"

"ತೆಗೆಯಲ್ಲ ತಾಯೀ," ಹೊರಗಿನಿಂದ ಸ್ಟುಡಿಯೋ ಮಾಲೀಕರ ದನಿ. "ಬೇಕಾದ್ರೆ ಅಡ್ಡ ಮಲಗ್ತೀನಿ."

ಬೀದಿಯವರೆಲ್ಲ ಅವರನ್ನು ಕರೆಯುವುದು ಕತ್ತಲಕ್ಕ ಎಂದೇ. ಕಪ್ಪು ಬಿಳುಪು ಭಾವಚಿತ್ರವೇ ಬೇಕೆಂದು ಜನ ಈಗಲೂ ಹುಡುಕಿಕೊಂಡು ಬರುವ ಈ ಸ್ಟುಡಿಯೋದಲ್ಲಿ ಪ್ರಿಂಟು ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುವುದು ಅವರ ಕೆಲಸ. ತಲೆಗೂದಲು ಕಪ್ಪಿದ್ದಾಗ ಸೇರಿದವರು. ಸೋಪು ಹಾಕಿ ಎಷ್ಟು ತಿಕ್ಕಿದರೂ ಕೈಗೆ, ಚಿತ್ರ ಮಾಸದಂತೆ ಕಾಯುವ ಫಿಕ್ಸರಿನ ಹುಳಿ ವಾಸನೆ. "ಊರಿನ ಅರ್ಧ ಜನರ ಮುಖ ನೀರಲ್ಲಿ ಅದ್ದಿ ತೆಗೆದಿದ್ದೀನಿ. ಒಬ್ರೂ ಉಸಿರುಗಟ್ಟಿ ಸತ್ತಿಲ್ಲ," ಎನ್ನುತ್ತಾರೆ. ಆದರೆ ಮುಖವೊಂದರ ಮುಂದೆ ಕ್ಯಾಮೆರಾ ಹಿಡಿದು ನಿಂತದ್ದು ಈ ತಿಂಗಳಷ್ಟೇ.

ನಿಲ್ಲಿಸಿದವಳು ತಂಗಿ. ಅವಳ ಎಡ ದವಡೆಯಲ್ಲಿ ಗಡ್ಡೆ ಬೆಳೆದಿದೆ. ನಾಳೆ ಬೆಳಿಗ್ಗೆ ಆಪರೇಷನ್. ಮೂಳೆಯನ್ನೂ ತೆಗೆಯಬೇಕಾಗುತ್ತದೆ, ಮುಖ ಮೊದಲಿನ ಹಾಗಿರುವುದಿಲ್ಲ ಎಂದಿದ್ದಾರೆ ಡಾಕ್ಟರು. ಅದಕ್ಕೆ ಮುಂಚೆ ಅವಳಿಗೊಂದು ಫೋಟೋ ಬೇಕು. "ಬೇರೆಯವರ ಮುಂದೆ ಕೂರಲ್ಲ ಕಣೇ ಅಕ್ಕ. ಮೊದಲು ಗಡ್ಡೆ ನೋಡ್ತಾರೆ, ಆಮೇಲೆ ನನ್ನ ನೋಡ್ತಾರೆ. ನೀನೇ ತೆಗಿ, ನೀನೇ ತೊಳಿ."

ಕೈ ಪಳಗಿಸಲು ಸಿಕ್ಕವನು ಪಕ್ಕದಂಗಡಿಯ ದರ್ಜಿ. ನಡುಹಗಲ ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಹಣೆ ಸುಣ್ಣ ಬಳಿದಂತಾಯಿತು, ಕಣ್ಣುಗಳು ಎರಡು ತೂತಾದವು. "ಇದು ನಾನಲ್ಲ, ನನ್ನ ದೆವ್ವ," ಎಂದು ಅವನು ನಕ್ಕ. ಕತ್ತಲಕ್ಕನಿಗೆ ನಗು ಬರಲಿಲ್ಲ.

ದರ್ಜಿಯ ಫಿಲ್ಮನ್ನು ಮಾಲೀಕರು ತೊಳೆದಿದ್ದರು. ಆಮೇಲೆ ತಂಗಿಯ ಮೊದಲ ರೋಲು, ಇದನ್ನು ತಾವೇ ತೊಳೆಯಬೇಕು. ಪ್ರಿಂಟು ಕಾಗದಕ್ಕೆ ಕೆಂಪು ದೀಪ ಏನೂ ಮಾಡದು, ಫಿಲ್ಮಿಗೆ ಅದೇ ವಿಷ. ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಒಳಗೆ ಕಾಲಿಟ್ಟೊಡನೆ ಕೆಂಪು ದೀಪ ಹಾಕುವುದು ಅವರಿಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟೇ ರೂಢಿ. ಹಾಕಿದರು, ಡಬ್ಬಿ ಬಿಚ್ಚಿದರು, ಸುತ್ತತೊಡಗಿದರು. ಅರ್ಧ ಸುತ್ತಿದ ಮೇಲೆ, ತಾನು ಮಾಡುತ್ತಿರುವುದೆಲ್ಲ ತನಗೆ ಕಾಣಿಸುತ್ತಿದೆ ಎಂಬುದು ಹೊಳೆಯಿತು. ತೊಳೆದು ನೋಡಿದರೆ ರೋಲೆಲ್ಲ ಕಪ್ಪು. ಈಗ ಆ ಸ್ವಿಚ್ಚಿನ ಮೇಲೆ ದಪ್ಪ ಅಂಟುಪಟ್ಟಿ ಇದೆ.

ಎರಡನೆಯ ರೋಲು ತೆಗೆದದ್ದು ನಿನ್ನೆ, ಮನೆಯ ಕಿಟಕಿಯ ಪಕ್ಕ, ಎಳೆ ಬೆಳಕಿನಲ್ಲಿ. ತಂಗಿಯನ್ನು ಗೋಡೆಯಿಂದ ದೂರ ಎಳೆದು ಕೂರಿಸಿದರು. ಇನ್ನೊಂದು ಬದಿಗೆ ಬಿಳಿ ಹೊದಿಕೆ ಕಟ್ಟಿದರು, ನೆರಳಿನ ಕಡೆಗೂ ತುಸು ಬೆಳಕು ಚೆಲ್ಲಲೆಂದು. ಹತ್ತಿರದ ಕಣ್ಣಿನ ರೆಪ್ಪೆಗೆ ಫೋಕಸ್ ಹಿಡಿದರು. ಬೆಳಕು ಪಕ್ಕದಿಂದ ಬಂದರೆ ಮುಖಕ್ಕೆ ಉಬ್ಬುತಗ್ಗು ಬರುತ್ತದೆ, ಗಡ್ಡೆಗೂ ಬರುತ್ತದೆ. ಗಡ್ಡೆ ಕಾಣದಂತೆ ಆ ಕಡೆ ತಿರುಗು ಎನ್ನಲು ಹೊರಟವರು ತಡೆದುಕೊಂಡರು.

"ನಗು ಅಂತ ಮಾತ್ರ ಹೇಳ್ಬೇಡ," ಎಂದಳು ತಂಗಿ.

"ಯಾರು ಹೇಳಿದ್ರು? ಉಸಿರಾಡು, ಸಾಕು."

"ಉಸಿರು ಹಿಡ್ಕೊಂಡಿರೋಳು ನೀನು ಕಣೇ."

ಈಗ ಟ್ಯಾಂಕಿನ ಮುಚ್ಚಳ ಬಿಗಿಯುತ್ತದೆ. ಕಂಬಳಿ ಸರಿಸುತ್ತಾರೆ. ಚಿತ್ರ ಮೂಡಿಸುವ ಡೆವಲಪರ್ ಸುರಿದು ಟ್ಯಾಂಕ್ ಅಲ್ಲಾಡಿಸುವಾಗ ಒಳಗೆ ಏನಾಗುತ್ತಿದೆ ಎಂದು ನೋಡುವಂತಿಲ್ಲ. ಸಂಜೆಗೆ ತಂಗಿ ಆಸ್ಪತ್ರೆ ಸೇರಬೇಕು. ಇದೂ ಹಾಳಾದರೆ ಮತ್ತೆ ಕೂರಿಸಲು ಬೆಳಗೇ ಇಲ್ಲ. "ಡಾಕ್ಟರಿಗಾದ್ರೂ ಕೊಯ್ಯೋದು ಕಣ್ಣಿಗೆ ಕಾಣ್ಸುತ್ತೆ," ಎಂದು ಮಾಲೀಕರಿಗೆ ಹೇಳುತ್ತಾರೆ. ಕೊನೆಗೆ ಫಿಲ್ಮ್ ಹೊರತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಕಪ್ಪಾಗಿಲ್ಲ. ಸಾಲಾಗಿ ಪುಟ್ಟ ಮುಖಗಳು.

ಫಿಲ್ಮ್ ಒಣಗುವಷ್ಟರಲ್ಲಿ ತಂಗಿ ಬಂದಿದ್ದಾಳೆ. ಅಂಟುಪಟ್ಟಿ ಕಿತ್ತು ಕೆಂಪು ದೀಪ ಹಾಕುತ್ತಾರೆ. ಟ್ರೇಯಲ್ಲಿ ಬಿಳಿ ಕಾಗದ ತೇಲುತ್ತದೆ. ಮೊದಲು ಹುಬ್ಬು, ಆಮೇಲೆ ಕಣ್ಣು, ಕಣ್ಣೊಳಗೆ ಚುಕ್ಕಿಯಷ್ಟು ಕಿಟಕಿ. ಕಟ್ಟಕಡೆಗೆ ದವಡೆಯ ಉಬ್ಬು, ಅದರ ಕೆಳಗೆ ಗಾಢ ನೆರಳು. ಕತ್ತಲಕ್ಕ ತಂಗಿಯ ಕಡೆ ನೋಡಲಾರರು.

ಪ್ರಿಂಟನ್ನು ಫಿಕ್ಸರಿನಲ್ಲಿ ಅದ್ದಿ ಬಾಗಿಲು ತೆರೆದ ಮೇಲೆ ಮಾಲೀಕರು ಇಣುಕುತ್ತಾರೆ. ಅವರ ದನಿ ಮೆತ್ತಗಿದೆ. "ಚೆನ್ನಾಗಿ ಬಂದಿದೆ. ಆ ನೆರಳೊಂದನ್ನ ನಾನು ಬ್ರಷ್ಷಲ್ಲಿ ಸವರಿಬಿಡ್ತೀನಿ ಕಣಮ್ಮ. ಗಡ್ಡೆ ಇತ್ತು ಅಂತಾನೇ ಗೊತ್ತಾಗಲ್ಲ."

ಕತ್ತಲಕ್ಕ ಪ್ರಿಂಟನ್ನು ಎತ್ತಿ ಅವರ ಕಡೆ ಚಾಚಿಯೂ ಬಿಡುತ್ತಾರೆ. ತಂಗಿ ಅಕ್ಕನ ಮಣಿಕಟ್ಟು ಹಿಡಿದು ನಿಲ್ಲಿಸುತ್ತಾಳೆ.

"ಬೇಡ. ನಾಳೆ ಡಾಕ್ಟರು ತೆಗೀತಾರಲ್ಲ. ಇವತ್ತು ನೀವು ಕೈ ಹಾಕ್ಬೇಡಿ."